ಹಿಂದಿನ ಸೀಟಿಲ್ಲದ ಗಾಡಿ

ಗಾಡಿಗೆ ಹಿಂದಿನ ಸೀಟಿಲ್ಲ ಎಂಬುದು ದೌಲತರಾಯನಿಗೆ ನಿಜವಾಗಿ ತಿಳಿದದ್ದು ಅದನ್ನು ತಂದು ಎಂಟು ತಿಂಗಳಾದ ಮೇಲೆ, ಗುರಮ್ಮ ಚೀಲ ಹಿಡಿದು ಅಂಗಳಕ್ಕೆ ಬಂದು, ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ನಾ ಎಲ್ಲಿ ಕುಂದರ್ಲಿರಿ?" ಎಂದು ಕೇಳಿದಾಗ. ಹಾಗಂತ ಅವನೇನು ಕುರುಡನಲ್ಲ. ಎರಡು ಸೀಟು, ಅವುಗಳ ಹಿಂದೆ ಒಂದು ಚೀಲ ಇಡುವಷ್ಟು ಸಂದು, ಮೇಲೆ ಮಡಚಿಡುವ ಕ್ಯಾನ್ವಾಸಿನ ಟಾಪು, ಇಷ್ಟೇ ಅಂತ ಮೊದಲ ದಿನವೇ ನೋಡಿದ್ದ, ನೋಡಿಯೇ ಮರುಳಾಗಿದ್ದ. ಆದರೆ ಎಂಬತ್ತಮೂರನೆಯ ಇಸವಿಯ ಆಳಂದದಲ್ಲಿ ಮರ್ಯಾದಸ್ತರ ಮನೆಯ ಹೆಣ್ಣುಮಗಳು ಗಂಡ ಗಾಡಿ ಹೊಡೆಯುವಾಗ ಅವನ ಮಗ್ಗುಲಿಗೆ ಕೂಡುವುದಿಲ್ಲ. ಹಿಂದೆ ಕೂಡುತ್ತಾಳೆ, ತಲೆಯ ಮೇಲೆ ಸೆರಗು ಎಳೆದುಕೊಂಡು, ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು. ಮುಂದಿನ ಜಾಗ ಬೀಗರದು, ತೊಗರಿ ಕೊಂಡು ಮಾರುವ ತನ್ನ ಅಡತ ಅಂಗಡಿಯಲ್ಲಿ ಲೆಕ್ಕ ಬರೆಯುವ ದಿವಾನಜಿಯದು, ಯಾರೂ ಇಲ್ಲದಿದ್ದರೆ ತೊಗರಿಯ ಸ್ಯಾಂಪಲ್ ಚೀಲದ್ದು. ಜೀಪಿನಲ್ಲಿ ಮೂವತ್ತು ವರ್ಷ ಹಾಗೇ ನಡೆದುಬಂದಿತ್ತು, ಯಾರಿಗೂ ಅದು ಒಂದು ಸಂಗತಿ ಅಂತಲೂ ಅನಿಸಿರಲಿಲ್ಲ. ಈಗ ಆ ಕೆಂಪು ಗಾಡಿಯ ಎಡಗಡೆ ಸೀಟನ್ನು ನೋಡುತ್ತ ದೌಲತರಾಯ ಮನಸ್ಸಿನಲ್ಲೇ ಎಣಿಸಿದ: ದಿವಾನಜಿ ಕೂತಿದ್ದಾನೆ, ಮೆಕ್ಯಾನಿಕ್ ಖಾದರಸಾಬ ಕೂತಿದ್ದಾನೆ, ಬ್ಯಾಂಕಿನ ಮ್ಯಾನೇಜರು ಎರಡು ಸಲ ಕೂತಿದ್ದಾರೆ, ಜಿಡಗಾದ ಮಠಕ್ಕೆ ನಡೆದು ಹೊರಟಿದ್ದ ಗುರುತಿಲ್ಲದ ಮುದುಕನೊಬ್ಬ ಕೂತು ಆಶೀರ್ವಾದ ಮಾಡಿ ಇಳಿದಿದ್ದಾನೆ. ಗುರಮ್ಮ ಒಬ್ಬಳು ಕೂತಿಲ್ಲ. ಯಾರ ಹೊಲದ ಮೇಲಿನ ಸಾಲದಿಂದ ಈ ಗಾಡಿ ಬಂದಿತ್ತೋ ಅವಳೊಬ್ಬಳು ಕೂತಿಲ್ಲ.

ಆ ಮಾತನ್ನೇ ಅವನು ಇವತ್ತು ಹೇಳಬೇಕಾಗಿತ್ತು. ಅವಳ ತವರೂರು ಅಫಜಲಪುರ ಮುಟ್ಟುವುದರೊಳಗೆ ಹೇಳಬೇಕಾಗಿತ್ತು. ಗುರಮ್ಮನ ತಮ್ಮ ಮಲ್ಲಣ್ಣನ ಪತ್ರ ಬಂದು ಒಂಬತ್ತು ದಿನವಾಗಿತ್ತು: ಅಣ್ಣತಮ್ಮಂದಿರು ವಾಟಣಿ ಮಾಡಿ ಹೊಲದ ಪಾಲು ಹಂಚಿಕೊಳ್ಳುತ್ತಿದ್ದೇವೆ, ಬದು ಗೊತ್ತು ಮಾಡಲಿಕ್ಕೆ ಅಕ್ಕನ ಹೊಲದ್ದೂ ಸೇರಿಸಿ ಎಲ್ಲ ಪಹಣಿ ತೆಗೆಸಿದ್ದೇನೆ, ಸೋಮವಾರ ಹಿರಿಯರ ಮುಂದೆ ಓದುವುದದೆ, ಅಕ್ಕನನ್ನು ಕರೆದುಕೊಂಡು ಬನ್ನಿರಿ ಭಾವನವರೇ. ಪಹಣಿಯಲ್ಲಿ ಬೋಜಾ ಅಂತ ಒಂದು ಕಾಲಂ ಇರುತ್ತದೆ. ಯಾರ ಸಾಲ ಆ ಹೊಲದ ಮೇಲೆ ಕೂತಿದೆ ಅನ್ನುವುದು ಅಲ್ಲಿ ನೀಲಿ ಮಸಿಯಲ್ಲಿ ಬರೆದಿರುತ್ತದೆ. ಗುರಮ್ಮನದು ನಾಲ್ಕು ಎಕರೆ, ಅವಳಪ್ಪ ಮದುವೆಯಲ್ಲಿ ಅರಿಶಿಣ-ಕುಂಕುಮಕ್ಕೆ ಅಂತ ಬರೆದುಕೊಟ್ಟದ್ದು. ಆ ಸೀಮೆಯಲ್ಲಿ ಗಂಡಸು ಸ್ವಂತ ಹೊಲ ಮಾರಿಕೊಂಡರೆ ಜನ ಅಯ್ಯೋ ಅನ್ನುತ್ತಾರೆ. ಹೆಂಡತಿಯ ಅರಿಶಿಣ-ಕುಂಕುಮದ ಹೊಲಕ್ಕೆ ಕೈ ಹಾಕಿದನೆಂದರೆ ಅವನ ಮನೆಯಲ್ಲಿ ನೀರು ಕುಡಿಯಲಿಕ್ಕೂ ಹಿಂದುಮುಂದು ನೋಡುತ್ತಾರೆ. ಒಂಬತ್ತು ದಿನ ಅವನು ಹೇಳಲಿಕ್ಕೆ ಬಾಯಿ ತೆರೆದ, ಒಂಬತ್ತು ದಿನವೂ ಬೇರೇನೋ ಹೇಳಿದ. ಮೂವತ್ತು ವರ್ಷ ಜೊತೆಗಿದ್ದ ಗಂಡ-ಹೆಂಡತಿಗೆ ಸರಿಯಾಗಿ ಮಾತಾಡಲು ಒಂದು ಜಾಗ ಇಲ್ಲ ಅನ್ನುವುದೂ ಆಗಲೇ ಅವನಿಗೆ ಗೊತ್ತಾದದ್ದು. ಅಡುಗೆಮನೆಯಲ್ಲಿ ಒಲೆ ಊದುವವಳಿದ್ದಾಳೆ, ಪಡಸಾಲೆಯಲ್ಲಿ ಗಿರಾಕಿ ಕೂತಿರುತ್ತಾರೆ, ಜೀಪಿನಲ್ಲಿ ಹಿಂದೆ ಕೂತವಳಿಗೆ ಕೇಳಬೇಕಾದರೆ ಊರಿಗೆಲ್ಲ ಕೇಳುವಂತೆ ಕೂಗಬೇಕು. ಅದಕ್ಕೇ ಜೀಪನ್ನು ಬೇಕಂತಲೇ ತೊಗರಿ ಹೇರಿ ಗುಲಬರ್ಗಾಕ್ಕೆ ಕಳಿಸಿದ್ದ.

"ಇಲ್ಲೇ, ಮುಂದ ಕುಂದ್ರಬೇಕು," ಎಂದ.

"ನಿಮ್ಮ ಮಗ್ಗಲಕ್ಕ?"

"ಮತ್ತ್ಯಾರ ಮಗ್ಗಲಕ್ಕ ಕುಂದರ್ತಿ ಬೇ? ಎರಡ ಸೀಟವ."

ಗುರಮ್ಮ ಹಿಂದಿನ ಸಂದಿಯೊಳಗೆ ಕೈ ಹಾಕಿ ಅಳತೆ ನೋಡಿದಳು. ನೋಡಿದ ಬಗೆ ಎಷ್ಟು ಗಂಭೀರವಾಗಿತ್ತೆಂದರೆ ಅಲ್ಲೇ ಮುದುಡಿ ಕೂತುಬಿಡುತ್ತಾಳೇನೋ ಎಂದು ದೌಲತರಾಯ ಗಾಬರಿಯಾದ. ಕೊನೆಗೆ ಚೀಲವನ್ನು ಅಲ್ಲಿ ತುರುಕಿ, ಬಾಗಿಲು ತೆರೆದುಕೊಂಡು, ಆ ಗಾಡಿ ನೆಲಕ್ಕೆ ಅಷ್ಟು ಹತ್ತಿರವಿದೆ ಎಂದು ಅಂದಾಜಿಲ್ಲದೆ ಧೊಪ್ಪೆಂದು ಕೂತಳು. "ಯವ್ವಾ, ನೆಲದ ಮ್ಯಾಲೇ ಕುಂತಂಗಾತು," ಎಂದು ನಕ್ಕಳು.

ಪೇಟೆಯ ಅಂಗಡಿ ತೆರೆಯುವುದರೊಳಗೆ ಊರು ದಾಟಬೇಕೆಂದು ಅವನು ಯೋಚನೆ ಮಾಡಿದ್ದ. ಗಾಡಿ ಬೇರೆಯೇ ಮಾಡಿತ್ತು. ಮೂರು ಸಲ ಕೆಮ್ಮಿ ಸುಮ್ಮನಾಯಿತು. ಖಾದರಸಾಬನಿಗೆ ಹೇಳಿ ಕಳಿಸಿದ. ಅವನು ಬಂದು, ಬಾನೆಟ್ಟಿನ ಮೇಲೆ ಹೊದಿಸಿದ್ದ ಗುರಮ್ಮನ ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟು, ತಲೆ ಒಳಗೆ ಹಾಕಿದ. ಆ ಕೌದಿಯ ಕಥೆಯೂ ದೌಲತರಾಯನನ್ನು ಚುಚ್ಚುವಂಥದೇ. ಚಳಿಗಾಲದಲ್ಲಿ ಗಾಡಿ ತಂಡಿ ಹಿಡಿದೀತೆಂದು ಅವನು ಮತ್ತೆ ಮತ್ತೆ ಎದ್ದು ಅಂಗಳಕ್ಕೆ ಹೋಗುವುದನ್ನು ನೋಡಿ ಅವಳೇ ತಂದು ಕೊಟ್ಟದ್ದು. "ಇದನ್ನ ಹೊಚ್ಚರಿ, ನೀವರೆ ಮಲ್ಕೋರಿ" ಎಂದಿದ್ದಳು. ಪೇಟೆಯವರು "ರಾಯರು ಎರಡನೇದ ಮಾಡ್ಕೊಂಡಾರ, ಅದೂ ಹೈದರಾಬಾದಿಂದು" ಎಂದು ನಗುತ್ತಿದ್ದಾಗ ಅವಳು ಪ್ರತಿ ಅಮಾವಾಸ್ಯೆ ಜೀಪಿಗೆ ಒಂದು, ಇದಕ್ಕೊಂದು ಕಾಯಿ ಒಡೆಯುತ್ತಿದ್ದಳು. ಒಂದು ಮಾತು ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಸಾವಕಾರ್ರ, ಇದರ ಸಾಮಾನು ಈಗ ವಿಲಾಯತ್ತಿನ್ಯಾಗೂ ಸಿಗೂದಿಲ್ಲರಿ," ಖಾದರಸಾಬ ಒಳಗಿನಿಂದಲೇ ಹೇಳಿದ. "ನಾ ಟ್ರ್ಯಾಕ್ಟರಿಂದು ಕೊರದು ಹಾಕೀನಿ. ಓಡಿದ್ರ ಖುಷಿ ಪಡ್ರಿ, ನಿಂತ್ರ ಸಿಟ್ಟಾಗಬ್ಯಾಡ್ರಿ. ಹೂಂ, ಹೊಡೀರಿ." ಆಮೇಲೆ ತಲೆ ಎತ್ತಿ ನೋಡಿ, ಎಡಗಡೆ ಕೂತವಳು ಯಾರೆಂದು ತಿಳಿದು, ಜಿಡ್ಡಿನ ಕೈಯನ್ನು ಹಿಂದೆ ಸರಿಸಿಕೊಂಡು, "ಅರೆ, ಅಕ್ಕಾರು! ಇವತ್ತ ನೋಡ್ರಿ ಗಾಡಿಗಿ ಕಳೆ ಬಂತು," ಎಂದ. ಅಷ್ಟರಲ್ಲಿ ಒಂದೊಂದೇ ಅಂಗಡಿಯ ಬಾಗಿಲು ತೆರೆದಿದ್ದವು. ಗುರಮ್ಮ ಸೆರಗನ್ನು ಮೂಗಿನ ತನಕ ಎಳೆದುಕೊಂಡಳು. ಕಿರಾಣಿಯವನು ತಕ್ಕಡಿ ಹಿಡಿದುಕೊಂಡೇ ನೋಡಿದ, ದರ್ಜಿ ಹೊಲಿಗೆ ನಿಲ್ಲಿಸಿ ನೋಡಿದ. ಆ ಕೊನೆಯಿಂದ ಈ ಕೊನೆಯ ತನಕ ಯಾರೂ ಏನೂ ಅನ್ನದ ಪೇಟೆಯಲ್ಲಿ ಗಾಡಿ ಹೊಡೆಯುವುದು ಎಷ್ಟು ಕಷ್ಟವೆಂದು ದೌಲತರಾಯನಿಗೆ ಅವತ್ತು ಗೊತ್ತಾಯಿತು.

ಅಫಜಲಪುರಕ್ಕೆ ಅಡ್ಡದಾರಿ ಹತ್ತಿರ, ಆದರೆ ಆ ಕಚ್ಚಾ ರಸ್ತೆಯಲ್ಲಿ ಗಾಡಿಯ ಹೊಟ್ಟೆ ನೆಲಕ್ಕೆ ಹತ್ತುತ್ತದೆ. ಕಡಗಂಚಿಯ ಮೇಲೆ ಗುಲಬರ್ಗಾ ಸುತ್ತು ಹಾಕಿಕೊಂಡೇ ಹೋಗಬೇಕು. ಸುತ್ತು ಇದ್ದಷ್ಟೂ ಒಳ್ಳೆಯದೇ, ಹೇಳಲಿಕ್ಕೆ ಹೊತ್ತು ಸಿಗುತ್ತದೆ ಎಂದುಕೊಂಡ. ಎಲ್ಲಿಂದ ಶುರು ಮಾಡುವುದು? ಹೈದರಾಬಾದಿನಿಂದ ಶುರು ಮಾಡಬೇಕು. ತೊಗರಿಯ ಬಾಕಿ ಕೇಳಲು ಹೋದವನು ಯಾವುದೋ ಹಳೆಯ ಹವೇಲಿಯ ಹಿಂದೆ ಕೋಳಿಗಳ ನಡುವೆ ಇದನ್ನು ನೋಡಿದ್ದು, ಧೂಳಿನ ಮೇಲೆ ಬೆರಳಾಡಿಸಿದಾಗ ಕೆಳಗೆ ಕೆಂಪು ಕಂಡದ್ದು, ಹಾಗೆ ಕಂಡಾಗ ತನ್ನ ನಾಲ್ವತ್ತೊಂಬತ್ತು ವರ್ಷದ ಎದೆ ಯಾಕೋ ಹೊಡೆದುಕೊಂಡದ್ದು. ಆ ಮನೆಯ ಮೆಹರಾಜಬೇಗಂ, ಗಂಡ ತೀರಿಕೊಂಡು ಹನ್ನೆರಡು ವರ್ಷವಾದ ಮುದುಕಿ, ಪರದೆಯ ಆಚೆಯಿಂದ ಒಂದೇ ಒಂದು ಕರಾರು ಹಾಕಿದ್ದಳು: ಎಷ್ಟಕ್ಕಾದರೂ ಒಯ್ಯಿರಿ, ಮದುವೆಯ ಮೆರವಣಿಗೆಗೆ ಬಾಡಿಗೆ ಬಿಡಬೇಡಿರಿ. ಬಿಟ್ಟಿದ್ದರೆ ಮದುವೆಯ ಸುಗ್ಗಿಯ ನಾಲ್ಕು ತಿಂಗಳಲ್ಲಿ ಬ್ಯಾಂಕಿನ ಕಂತಿಗೆ ಎಷ್ಟೋ ಅನುಕೂಲವಾಗುತ್ತಿತ್ತು. ಬಿಡಲಿಲ್ಲ. ಎಂದೂ ಮುಖ ನೋಡದ ಮುದುಕಿಗೆ ಕೊಟ್ಟ ಮಾತು ನಡೆಸಿದ ಮನುಷ್ಯ ಮನೆಯವಳಿಗೆ ಒಂದು ಮಾತು ಹೇಳದೆ ಹೋದ, ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು? ಹಳೆಯ ಗಾಡಿಯ ಜಾಮೀನಿನ ಮೇಲೆ ಸಾಲ ಕೊಡಲಾಗುವುದಿಲ್ಲ, ಅದು ನನಗಿಂತ ಹಿರಿಯದು ಎಂದು ಬ್ಯಾಂಕಿನ ಮ್ಯಾನೇಜರು ನಕ್ಕಿದ್ದರು. ಹೊಲ ಇದ್ದರೆ ತೋರಿಸಿರಿ ಎಂದರು. ಅವನ ಹೊಲಗಳೆಲ್ಲ ಅಂಗಡಿಯ ಸಾಲಕ್ಕೆ ಮೊದಲೇ ಬರೆದುಹೋಗಿದ್ದವು. ಉಳಿದದ್ದು ಒಂದೇ.

ಅವನು ಬ್ಯಾಂಕಿನ ಕಾಗದ ಒಯ್ದಾಗ ಗುರಮ್ಮ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಪೆನ್ಸಿಲಿನಿಂದ ಗುರುತು ಹಾಕಿದ ಮೂರು ಕಡೆಯೂ ನಾಲ್ಕನೆಯ ಇಯತ್ತೆ ಓದಿದವಳ ದಪ್ಪ ಅಕ್ಷರದಲ್ಲಿ ಹೆಸರು ಬರೆದುಕೊಟ್ಟಿದ್ದಳು. "ಯಾವ ಕಾಗದರಿ ಇವು?" ಎಂದಿದ್ದಳು. "ಅಂಗಡಿವು," ಎಂದಿದ್ದ. ಅಷ್ಟೇ. ಕಾಗದದ ಮೇಲೆ ಜೋಳದ ಹಿಟ್ಟು ಹತ್ತಿತ್ತು, ಬ್ಯಾಂಕಿನಲ್ಲಿ ಮ್ಯಾನೇಜರು ಅದನ್ನು ಉಫ್ ಎಂದು ಊದಿ ಠಸ್ಸೆ ಹೊಡೆದರು. ಆ ಊದಿದ ಸಪ್ಪಳ ಅವನಿಗೆ ಈಗಲೂ, ಸ್ಟೀರಿಂಗ್ ಹಿಡಿದು ಕೂತಲ್ಲೇ, ಕೇಳಿಸುತ್ತದೆ.

ಇನ್ನು ಯಡ್ರಾಮಿಯ ಮದುವೆ. ಅದನ್ನು ನೆನೆಸಿಕೊಳ್ಳಬಾರದೆಂದರೂ ಜೇವರ್ಗಿ-ಯಡ್ರಾಮಿ ಕಡೆಯ ಬಸ್ಸೊಂದು ಎದುರಿಗೆ ಬಂದು ಧೂಳು ಎಬ್ಬಿಸಿಹೋದಾಗ ನೆನಪಾಗಿಯೇ ಆಯಿತು. ಕಂತು ಕಟ್ಟಲು ಹಣ ಹೊಂದಿಸುವಾಗ ಅವನು ಮನೆಯಲ್ಲಿ, ಈ ವರ್ಷ ಅಡತ ಸರಿ ಇಲ್ಲ, ಸ್ವಲ್ಪ ಕೈ ಬಿಗಿ ಹಿಡಿಯಬೇಕು ಎಂದಿದ್ದ. ಅವಳು ಹಿಡಿದಳು. ಯಾರಿಗೂ ಹೇಳದೆ ತನ್ನ ಚಹಾಕ್ಕೆ ಹಾಲು ಹಾಕಿಕೊಳ್ಳುವುದನ್ನು ಬಿಟ್ಟಳು, ಅವನ ಅಕ್ಕನ ಮೊಮ್ಮಗಳ ಮದುವೆಗೆ ಹಳೆಯ ಇಳಕಲ್ ಸೀರೆಯನ್ನೇ ಇಸ್ತ್ರಿ ಮಾಡಿಸಿಕೊಂಡು ನೆಗೆಣ್ಣಿಯರ ಜೊತೆ ಬಸ್ಸಿನಲ್ಲಿ ಹೋದಳು. ಅವನು ಮಧ್ಯಾಹ್ನ ಅಕ್ಷತೆಯ ಹೊತ್ತಿಗೆ ದಿವಾನಜಿಯನ್ನು ಮಗ್ಗುಲಲ್ಲಿ ಕೂರಿಸಿಕೊಂಡು ಕೆಂಪು ಗಾಡಿಯಲ್ಲಿ ಬಂದಿಳಿದ. ಹಂದರದ ಜನವೆಲ್ಲ ವರನನ್ನು ಬಿಟ್ಟು ಇತ್ತ ತಿರುಗಿತು. ಹೆಂಗಸರ ಸಾಲಿನಲ್ಲಿ ಯಾರೋ ಅವಳ ಸೀರೆಯ ಅಂಚು ಮುಟ್ಟಿ, "ರಾಯರು ಗಾಡಿ ತಂದಾರ, ನಿನಗೊಂದು ಸೀರಿ ತರಲಿಲ್ಲೇನ?" ಎಂದದ್ದು ಅವನ ಕಿವಿಗೇ ಬಿತ್ತು. ಗುರಮ್ಮ, "ಇದರ ಅಂಚು ಈಗ ಎಲ್ಲೂ ಸಿಗೂದಿಲ್ಲವಾ, ಅದಕ್ಕ ಉಟ್ಟೇನಿ," ಎಂದಳು. ಎಷ್ಟು ಸಲೀಸಾಗಿ ಎಂದಳು! ಆ ಸಂಜೆ ಅವಳು ಬಸ್ಸಿನಲ್ಲೇ ತಿರುಗಿ ಬಂದಳು.

ಕಡಗಂಚಿಯಲ್ಲಿ ಇಂಜಿನ್ ಕಾದಿತ್ತು. ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಇಲ್ಲೇ ಹೇಳಿಬಿಡಬೇಕೆಂದು ಗಂಟಲು ಸರಿಮಾಡಿಕೊಂಡು ತಿರುಗಿದ. ತಿರುಗಿದವನು ಹಾಗೇ ಉಳಿದ. ದಾರಿಯ ಗಾಳಿಗೆ ಅವಳ ಸೆರಗು ಎಂದೋ ಜಾರಿ ಹೆಗಲ ಮೇಲೆ ಬಿದ್ದಿತ್ತು, ಅದನ್ನು ಎಳೆದುಕೊಳ್ಳುವ ನೆನಪೇ ಅವಳಿಗಿರಲಿಲ್ಲ. ಮುಂಗೂದಲು ಬೆಳ್ಳಗಾಗಿದ್ದವು. ಯಾವಾಗ ಆದವು? ಮನೆಯಲ್ಲಿ ಯಾವಾಗಲೂ ಸೆರಗಿನ ಕೆಳಗಿದ್ದ ಆ ತಲೆಯನ್ನು ಹಗಲು ಬಿಸಿಲಲ್ಲಿ ಇಷ್ಟು ಹತ್ತಿರದಿಂದ ಅವನು ನೋಡಿಯೇ ಇರಲಿಲ್ಲ. ಅವಳು ಎರಡೂ ಅಂಗೈಯನ್ನು ಮುಂದಿನ ಕಟ್ಟಿಗೆಯ ಹಲಗೆಯ ಮೇಲೆ ಊರಿ, ಗಾಡಿ ನಿಂತಿದ್ದರೂ ಇನ್ನೂ ಓಡುತ್ತಿರುವಂತೆ ರಸ್ತೆ ನೋಡುತ್ತಿದ್ದಳು. ಅವಳ ಮೇಲೆ ಅವನಿಗೆ ಮದುವೆಯ ಹೊಸದರಲ್ಲೂ ಹುಟ್ಟದಿದ್ದ ಪ್ರೀತಿಯೊಂದು ಹುಟ್ಟಿತು, ಕೂಡಲೇ ನಾಚಿಕೆಯೂ ಆಯಿತು.

"ಒಂದ ಮಾತದ, ಗುರಮ್ಮ," ಎಂದ.

"ಏನ್ರಿ?"

"ಏನಿಲ್ಲ. ನೀರು ಹಾಕಬೇಕು."

"ನಾ ತರ್ತೇನಿ ತಡೀರಿ," ಎಂದು ಡಬ್ಬಿ ಹಿಡಿದು ಇಳಿದೇ ಹೋದಳು. ಬಾವಿಕಟ್ಟೆಯ ಹೆಂಗಸರೊಡನೆ ಏನೋ ಹೇಳಿ ನಗುತ್ತ ತುಂಬಿಕೊಂಡು ಬಂದಳು. ಆ ನಗುವನ್ನು ಅವನು ಹೇಗೆ ಕೆಡಿಸುವುದು? ಗುಲಬರ್ಗಾ ದಾಟಿದ ಮೇಲೆ ಹೇಳುತ್ತೇನೆ ಎಂದುಕೊಂಡ. ಗುಲಬರ್ಗಾ ದಾಟಿತು. ಮುಂದಿನ ಊರು ಬರಲಿ ಎಂದುಕೊಂಡ. ಆ ಊರು ಬಂದು ಹಿಂದೆ ಹೋಯಿತು. ಅಂಗಡಿಯಲ್ಲಿ ಒಂದು ಕ್ವಿಂಟಲ್ ತೊಗರಿಗೆ ಎದುರಿನವನ ಕಣ್ಣು ನೋಡಿಯೇ ಧಾರಣೆ ಹೇಳುವ ದೌಲತರಾಯ ಒಂದು ಸಾಲು ಮಾತಿಗೆ ಧೈರ್ಯ ಸಾಲದೆ ಅರವತ್ತು ಮೈಲು ಗಾಡಿ ಹೊಡೆದ, ಹೊಡೆದು ತನ್ನ ಮಾವನ ಮನೆಯ ಮುಂದೆ ನಿಲ್ಲಿಸಿದ.

ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ನಾಲ್ಕು ಜನ ಹಿರಿಯರು, ಅವರಲ್ಲಿ ಮಾತು ನಡೆಯುವಂಥವನು ಅಮೋಘಸಿದ್ದ ಎಂಬ ಮುದುಕ. ಮಲ್ಲಣ್ಣ ಕನ್ನಡಕ ಏರಿಸಿಕೊಂಡು ಪಹಣಿಯ ಕಟ್ಟು ಬಿಚ್ಚಿದ. ಹೆಂಗಸರು ಅಡುಗೆಮನೆಯ ಬಾಗಿಲ ಒಳಗೆ ಕೂತಿದ್ದರು. ಅಂಥ ಬೈಠಕ್ಕಿನಲ್ಲಿ ಅವರು ಕೇಳಬಹುದು, ಮಾತಾಡುವ ವಾಡಿಕೆಯಿಲ್ಲ. ದೌಲತರಾಯನಿಗೆ ಬಾಗಿಲಲ್ಲಿ ಗುರಮ್ಮನ ಮೊಣಕಾಲು, ಅದರ ಮೇಲಿಟ್ಟ ಕೈ, ಅರ್ಧ ಮುಖ ಕಾಣುತ್ತಿತ್ತು. ಒಂದೊಂದೇ ಸರ್ವೇ ನಂಬರು, ಒಂದೊಂದೇ ಬದು, ಎಲ್ಲರೂ ಹೂಂ ಹೂಂ. ಮಲ್ಲಣ್ಣ ಓದಿದ: "ನಾಲ್ಕು ಎಕರೆ. ಗುರಮ್ಮ ಗಂಡ ದೌಲತರಾಯ. ಬೋಜಾ..." ಅಲ್ಲಿಗೆ ಅವನ ದನಿ ನಿಂತಿತು. ಕಾಗದವನ್ನು ಹತ್ತಿರ ಹಿಡಿದ, ದೂರ ಹಿಡಿದ, ಕನ್ನಡಕ ತೆಗೆದು ಒರೆಸಿದ.

"ಏನ ಬರದದ? ಓದಪ್ಪ," ಎಂದ ಅಮೋಘಸಿದ್ದ.

"ಬ್ಯಾಂಕಿನ ಬೋಜಾ ಅದರಿ. ಮೂವತ್ತು ಸಾವಿರ. ಗಾಡಿ ಸಾಲ ಅಂತ ಬರದದ."

"ಅರಿಶಿಣ-ಕುಂಕುಮದ ಹೊಲದ ಮ್ಯಾಲ? ಯಾರ ಇಟ್ಟಾರ?"

ಯಾರೂ ಅವನತ್ತ ನೋಡಲಿಲ್ಲ, ಬೇಕಂತಲೇ ನೋಡದೆ ಕೂತರು. ದೌಲತರಾಯ ಜಮಖಾನೆಯ ಪಟ್ಟೆಗಳನ್ನು ನೋಡಿದ. ಈಗ ಎದ್ದು, ನಾನು ಕಳ್ಳತನ ಮಾಡಿದೆ ಎನ್ನಬೇಕು, ಅಷ್ಟೇ, ಅಂದುಬಿಟ್ಟರೆ ಮುಗಿಯಿತು, ಎಂದುಕೊಂಡು ತಲೆ ಎತ್ತಿದಾಗ ಗುರಮ್ಮ ಅವನನ್ನೇ ನೋಡುತ್ತಿದ್ದಳು. ಅವಳು ಅವನ ಮುಖ ಓದಿದ್ದು, ಓದಿ ಮುಗಿಸಿದ್ದು ಎರಡೂ ಅವನಿಗೆ ಕಂಡವು.

"ನಾ ಇಟ್ಟೇನಿ," ಎಂದಿತು ಅಡುಗೆಮನೆಯ ಬಾಗಿಲು.

"ಅಕ್ಕಾ, ನೀನು?" ಎಂದ ಮಲ್ಲಣ್ಣ.

"ಹೌದು ನಾನ. ಗಾಡಿ ತಗೋರಿ ಅಂತ ನಾನ ಬೆನ್ನ ಹತ್ತೇನಿ. ನನ್ನ ಹೊಲ, ನನ್ನ ಸಹಿ. ಬಾಗಲದಾಗ ನಿಂತದ, ನಂಬಿಕಿ ಇಲ್ಲಂದ್ರ ನೋಡ್ಕೊಂಡ ಬರ್ರಿ." ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಅಮೋಘಸಿದ್ದ ಕೋಲು ಊರಿಕೊಂಡು ಎದ್ದು ನಿಜವಾಗಿಯೂ ಹೊರಗೆ ಹೋಗಿ ನೋಡಿ ಬಂದ. "ಚಂದ ಅದ ಬಿಡು," ಎಂದ. "ಹೆಣ್ಣಮಗಳು ಮನಸ ಮಾಡಿ ತರಿಸ್ಯಾಳ, ನಮದೇನದ ಅದರಾಗ? ಮುಂದ ಓದು." ಮಲ್ಲಣ್ಣ ಮುಂದೆ ಓದಿದ. ಊಟಕ್ಕೆ ಹೋಳಿಗೆ ಮಾಡಿದ್ದರು. ಬಡಿಸಲು ಬಂದ ಗುರಮ್ಮ ಎಲ್ಲರಿಗೂ ಹಾಕಿದಂತೆ ಅವನಿಗೂ ತುಪ್ಪ ಹಾಕಿದಳು, ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಹಿರಿಯರ ಕೈಯಲ್ಲಿ ಉಗುಳಿಸಿಕೊಂಡಿದ್ದರೆ ಇಷ್ಟು ಭಾರವಾಗುತ್ತಿರಲಿಲ್ಲ ಎಂದು ಅವನಿಗೆ ಅನಿಸಿತು.

ತಿರುಗಿ ಬರುವಾಗ ಗಾಡಿ ಊರು ದಾಟಿತು. ಎರಡೂ ಕಡೆ ಹಿಂಗಾರಿ ಜೋಳ ಎದೆಮಟ್ಟ ಬಂದಿತ್ತು. "ನಿಲ್ಲಸ್ರಿ," ಎಂದಳು ಗುರಮ್ಮ. ನಿಲ್ಲಿಸಿದ.

"ನಲವತ್ತೈದು ವರ್ಷದಾಗ ತವರಮನ್ಯಾಗ ಒಂದ ಸುಳ್ಳ ಹೇಳಿದ್ದಿಲ್ಲ. ಇವತ್ತ ಹೇಳೇನಿ."

"ನನ್ನ ತಪ್ಪದ."

"ತಪ್ಪ ಅನ್ನೂದು ನನಗೂ ಗೊತ್ತದ. ಯಾಕ ಕೇಳಲಿಲ್ಲ ನನ್ನ? ರೊಟ್ಟಿ ಬಡಿಯೋವಾಗ ಬಂದು, ಅಂಗಡಿ ಕಾಗದ ಅಂದ್ರಿ."

"ಕೇಳಿದ್ರ ಬ್ಯಾಡ ಅಂತಿದ್ದಿ."

"ಅಂತಿದ್ದೆ!" ಅವಳ ಕಣ್ಣು ತುಂಬಿದವು, ದನಿ ಮಾತ್ರ ಏರಿತು. "ಎರಡ ದಿನ ಬ್ಯಾಡ ಅಂತಿದ್ದೆ. ನೀವು ಉಣ್ಣೂದು ಬಿಟ್ಟು ಮಾರಿ ಇಳಿಬಿಟ್ಟ ಕುಂದರ್ತಿದ್ರಿ. ಮೂರನೇ ದಿನ, ತಗೋರಿ ಹೋಗ್ಲಿ, ಅಂತಿದ್ದೆ. ಬ್ಯಾಡ ಅನ್ನೂದೂ ನಂದಿತ್ತು, ತಗೋರಿ ಅನ್ನೂದೂ ನಂದಿತ್ತು. ಎರಡೂ ನೀವ ನುಂಗಿ ಕುಂತ್ರಿ."

ದೌಲತರಾಯ ಸ್ಟೀರಿಂಗಿನ ಮೇಲೆ ಹೆಬ್ಬೆರಳು ತಿಕ್ಕಿದ. ಆಮೇಲೆ, "ನಾಳೆ ಸೊಲ್ಲಾಪುರದ ಗಾಡಿ ಯಾಪಾರದವರಿಗಿ ಹೇಳಿ ಕಳಸ್ತೇನಿ. ಇದನ್ನ ಮಾರಿ ಹೊಲ ಬಿಡಿಸ್ತೇನಿ," ಎಂದ.

"ನೋಡ್ರಿ, ಅದನ್ನೂ ನೀವ ಹೇಳಾಕತ್ತೀರಿ! ತಗೊಳ್ಳೂದೂ ನೀವ, ಮಾರೂದೂ ನೀವ," ಎಂದು ಅವಳು ಮುಖ ಆಚೆ ತಿರುಗಿಸಿದಳು.

ಆಗ ಅವನಿಗೆ ತಿಳಿಯಿತು. ಇಂಜಿನ್ ಬಂದ್ ಮಾಡಿದ. ಸ್ಟೀರಿಂಗ್ ಬಿಟ್ಟು, ಅವಳ ಕಡೆ ಪೂರ್ತಿ ತಿರುಗಿ ಕೂತ. ಹೈದರಾಬಾದಿನ ಪರದೆಯ ಮುಂದೆಯೂ, ಬ್ಯಾಂಕಿನ ಮೇಜಿನ ಮುಂದೆಯೂ ಹೀಗೆ ನಾಲಿಗೆ ತಡವರಿಸಿರಲಿಲ್ಲ.

"ಗುರಮ್ಮ, ಹೈದರಾಬಾದಿನ್ಯಾಗ ಒಂದ ಗಾಡಿ ನೋಡೇನಿ. ಹಳೇದದ. ಆಗಾಗ ನಿಲ್ಲತದ. ಎರಡ ಸೀಟವ. ಜೀಪದ ಅಂತ ಗೊತ್ತದ, ಇದು ಬರೇ ಆಸಿಗಿ. ರೊಕ್ಕಿಲ್ಲ, ನಿನ್ನ ಅರಿಶಿಣ-ಕುಂಕುಮದ ಹೊಲ ಬ್ಯಾಂಕಿನ್ಯಾಗ ಇಡಬೇಕಾಗತದ. ಏನಂತಿ?"

ಗುರಮ್ಮ ಕಣ್ಣು ಒರೆಸಿಕೊಂಡಳು. ಜೋಳದ ಹೊಲದ ಮೇಲೆ ಗಾಳಿ ಹೋಗುವುದನ್ನು ನೋಡುತ್ತ, ನಿಜವಾಗಿಯೂ ವಿಚಾರ ಮಾಡಿದಳು.

"ಬ್ಯಾಡ," ಎಂದಳು.

"ಆಯ್ತು," ಎಂದ ದೌಲತರಾಯ. ಅವತ್ತು ಸೋಮವಾರ. ಮೂರನೇ ದಿನ, ಬುಧವಾರ, ಅವಳು ಏನನ್ನುತ್ತಾಳೋ ಅವನಿಗೆ ಗೊತ್ತಿರಲಿಲ್ಲ.